ಅಪಾಯದ ಪಟ್ಟಿಯ ಮೊದಲನೆಯವಳು

ಬೆಳೆಯುವ ಕಳ್ಳಿಯನ್ನು ಮೊಳಕೆಯಲ್ಲೇ ಬಂಧಿಸು ಎಂಬುದು ಠಾಣೆಯ ಗಾದೆ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಲ್ಲ.

ಸೋಮವಾರ ಬೆಳಿಗ್ಗೆ 10.20ಕ್ಕೆ ಮನಶ್ಶಾಸ್ತ್ರದ ಪ್ರೊಫೆಸರು ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ದಿನ ಮಧ್ಯಾಹ್ನ ಅವರ ಸಂಶೋಧನಾ ಕೊಠಡಿಗೆ ಯಾರೋ ಬೆಂಕಿ ಇಟ್ಟಿದ್ದರು. ದಾರಿ ತಪ್ಪಬಹುದಾದ ಮಕ್ಕಳನ್ನು ಮೊದಲೇ ಗುರುತಿಸಲು ಮನೆಮನೆಯಲ್ಲಿ ತುಂಬಿಸಿದ್ದ ನಾನೂರು ಪ್ರಶ್ನಾವಳಿಗಳು ಬೂದಿಯಾಗಿದ್ದವು.

"ಇವಳದೇ ಕೆಲಸ," ಎಂದು ಪ್ರೊಫೆಸರು ಒಂದು ಪ್ರಶ್ನಾವಳಿಯ ನಕಲನ್ನು ಮೇಜಿನ ಮೇಲಿಟ್ಟರು. "ನಮ್ಮ ಅಪಾಯದ ಪಟ್ಟೀಲಿ ಮೊದಲನೆಯವಳು. ಇವತ್ತೇ ಬಾಲಮಂದಿರಕ್ಕೆ ಕಳಿಸಿ."

ಇನ್‌ಸ್ಪೆಕ್ಟರಮ್ಮನಿಗೆ ಆ ಹದಿನಾಲ್ಕರ ಹುಡುಗಿ ಗೊತ್ತಿತ್ತು. ಪಟ್ಟಿ ಠಾಣೆಗೂ ಬಂದಿತ್ತು. ಸೈಕಲ್ ಕಳುವಾದರೂ ಗಾಜು ಒಡೆದರೂ ಮೊದಲು ಅವಳನ್ನು ತಂದು ಕೂರಿಸುವುದು ಎರಡು ವರ್ಷದ ರೂಢಿ. ಒಂದೂ ಸಾಬೀತಾಗಿರಲಿಲ್ಲ. ಶಾಲೆ ಮಾತ್ರ ಅವಳನ್ನು ಹೊರಗೆ ಹಾಕಿತ್ತು.

ಎಫ್‌ಐಆರ್ ಆಯಿತು. 11.30ಕ್ಕೆ ಪಂಚನಾಮೆ: ಬೀಗ ಒಡೆದಿಲ್ಲ, ಕೀಲಿ ಹಾಕಿ ತೆಗೆದದ್ದು. ಕೀಲಿ ಇದ್ದದ್ದು ಪ್ರೊಫೆಸರ ಬಳಿ, ಮತ್ತೆ ಪ್ರಶ್ನಾವಳಿ ತುಂಬಿಸಿದ ಸಹಾಯಕನ ಬಳಿ.

1.15. ಮೂರನೇ ಮಹಡಿಯ ಮನೆ. ಹುಡುಗಿಯ ತಾಯಿ ಇನ್‌ಸ್ಪೆಕ್ಟರಮ್ಮನನ್ನು ಬಾಗಿಲಲ್ಲೇ ತಡೆದಳು.

"ಮತ್ತೆ ಬಂದ್ರಾ? ಈ ಸಲ ಏನು ಕಳೆದಿದೆ, ಆಕಾಶದ ಚಂದ್ರನಾ?"

"ನೀವು ಕೊಟ್ಟ ಉತ್ತರ ಇಲ್ಲಿದೆ. ಮಗಳು ತಮ್ಮನನ್ನ ದಿನಾ ಹೊಡೀತಾಳೆ ಅಂತ."

"ಯಾವ ತಮ್ಮ? ನಾನು ಹೆತ್ತಿದ್ದೇ ಇವಳೊಬ್ಬಳನ್ನ. ಪ್ರಶ್ನೆ ಕೇಳೋಕೆ ಯಾವನೂ ಇಲ್ಲಿಗೆ ಬಂದಿಲ್ಲ."

ಇನ್‌ಸ್ಪೆಕ್ಟರಮ್ಮನ ಮೈ ಉರಿಯಿತು. ಐದು ಸಲ ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿದವಳು ತಾನೇ. ಹೇಳಿಕೆ ಬರೆಸಲು ತಾಯಿ-ಮಗಳನ್ನು ಠಾಣೆಗೆ ಕರೆತಂದಳು; ಸಹಾಯಕನನ್ನೂ ಕರೆಸಿದಳು.

3.40.

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?" ಇನ್‌ಸ್ಪೆಕ್ಟರಮ್ಮ ಸಹಾಯಕನನ್ನು ಕೇಳಿದಳು.

"ಮನೇಲಿ."

"ನೀನು ಕೊಠಡಿಗೆ ಹೋಗಿದ್ದನ್ನ ಅಲ್ಲಿನ ಕಾವಲುಗಾರ ನೋಡಿದ್ದಾನೆ."

ಸಹಾಯಕ ಕೈ ಮುಗಿದ. "ಮುಂದಿನ ವಾರ ತಪಾಸಣೆಯವರು ಉತ್ತರ ತಾಳೆ ನೋಡೋಕೆ ಆ ಮನೆಗಳಿಗೆಲ್ಲ ಹೋಗೋರಿದ್ರು, ಮೇಡಂ. ನಾನು ಒಂದಕ್ಕೂ ಹೋಗಿಲ್ಲ. ನಾನೂರು ಮನೆ ಯಾರು ಹತ್ತಿಳೀತಾರೆ? ಕ್ಯಾಂಟೀನಲ್ಲಿ ಕೂತು ತುಂಬಿಸಿದೆ. ಸಿಕ್ಕಿಬೀಳ್ತೀನಿ ಅಂತ ಸುಟ್ಟೆ."

"'ಯಾರು ಹತ್ತಿಳೀತಾರೆ?'" ಅವನದೇ ಮೂಗುದನಿಯಲ್ಲಿ ಹೇಳಿದ, ಅಣಕಕ್ಕೇ ಗಿಳಿ ಎಂದು ಹೆಸರಾದ ಕಾನ್‌ಸ್ಟೆಬಲ್. "ನಾವು ಹತ್ತಿದ್ವಲ್ಲಪ್ಪಾ, ಇವಳೊಬ್ಬಳ ಮನೇನೇ ಐದು ಸಲ!"

ಇನ್‌ಸ್ಪೆಕ್ಟರಮ್ಮ ಮೇಜು ಗುದ್ದಿದಳು. "ತಮ್ಮನಿಗೆ ಹೊಡೆತ, ನಾಯಿಗೆ ಕಲ್ಲು, ಎಲ್ಲಿಂದ ತಂದೆ ಇದನ್ನೆಲ್ಲ?"

"ಅದು ನಂದೇ, ಮೇಡಂ. ಸುಳ್ಳು ಬರೆದೂ ಬರೆದೂ ಬೇಜಾರಾಗಿತ್ತು. ಒಂದಾದ್ರೂ ನಿಜ ಇರ್ಲಿ ಅಂತ ನನ್ನ ಬಾಲ್ಯಾನೇ ಬರೆದೆ."

5.05ಕ್ಕೆ ಬಂಧನ. ಕಾರಣದ ಸಾಲಿನಲ್ಲಿ ಇನ್‌ಸ್ಪೆಕ್ಟರಮ್ಮ 'ಮೊದಲು ಸೋಮಾರಿತನ, ಆಮೇಲೆ ಭಯ' ಎಂದಷ್ಟೇ ಬರೆದಳು.

ಸುದ್ದಿ ಕೇಳಿ ಠಾಣೆಗೆ ಬಂದ ಪ್ರೊಫೆಸರ ಮುಖ ಮಾತ್ರ ಅರಳಿತು. "ಹಾಗಾದ್ರೆ ನಮ್ಮ ಪರೀಕ್ಷೆ ಸರಿಯಾಗೇ ಇದೆ! ಆ ಉತ್ತರ ಕೊಟ್ಟವನೇ ಅಪರಾಧಿ ಆಗಿದ್ದಾನಲ್ಲ!"

ಗಿಳಿ ನಕ್ಕ, ತಾಯಿ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹುಡುಗಿ. ಬೆಂಚು ಅಲುಗುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಇನ್‌ಸ್ಪೆಕ್ಟರಮ್ಮ ಪಟ್ಟಿ ತೆಗೆದು ಮೊದಲ ಹೆಸರನ್ನು ಹೊಡೆದುಹಾಕಿದಳು.