ಹದಿನಾಲ್ಕು ಭಾನುವಾರದ ಏಲ್

ಚೆನ್ನೈನ ವಡಪಳನಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಮ್ಮೆ ಗಾಳಿ ಮೂಸಿದರೆ ಸಾಕು, ಲಂಡನ್ನಿನಲ್ಲಿ ಯಾವ ಮುದುಕ ಯಾವ ಏಲ್ ಬಿಯರು ಕುಡಿಯುತ್ತಿದ್ದಾನೆ, ಅವನ ಲೋಟದಲ್ಲಿ ಇನ್ನೆಷ್ಟು ಗುಟುಕು ಉಳಿದಿದೆ ಎಂದು ಹೇಳಬಲ್ಲ ಮೂಗು ಇಡೀ ಏಷ್ಯಾ ಖಂಡದಲ್ಲಿ ಒಂದೇ ಒಂದಿತ್ತು. ಅದು ನನ್ನ ಮುಖದ ಮೇಲಿತ್ತು.

ನೀವು ನಂಬುವುದಿಲ್ಲ. ವೀಕ್ಷಾ ನಂಬಿದ್ದಳು. ಎರಡು ಸಾವಿರದ ಒಂಬತ್ತರ ಫೆಬ್ರವರಿಯಿಂದ ಮೇ ತಿಂಗಳವರೆಗೆ, ಹದಿನಾಲ್ಕು ಭಾನುವಾರ ನಂಬಿದ್ದಳು.

ಮೊದಲು ಭೇಟಿಯ ಕಥೆ ಹೇಳುತ್ತೇನೆ. ವಡಪಳನಿಯ ಸಿನಿಮಾ ಸ್ಟುಡಿಯೋಗಳ ಹಿಂದಿನ ರಸ್ತೆಯಲ್ಲಿ, ಕರಾವಳಿಯಿಂದ ಬಂದ ಅವಳ ಅಪ್ಪನ ಸಸ್ಯಾಹಾರಿ ಹೋಟೆಲ್. ಪಕ್ಕದ ಬೀದಿಯಲ್ಲಿ ನನ್ನ ವಿಮೆ ಕಚೇರಿ. ಇಡೀ ಚೆನ್ನೈ ನನ್ನ ಸಹಿ ಇಲ್ಲದೆ ಸಾಯುವಂತಿರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತವನು, ಮೇಜಿನ ತುದಿಯಲ್ಲಿದ್ದ ಸ್ಟೀಲ್ ಲೋಟವನ್ನು ಜೀರಿಗೆ ನೀರು ಎಂದುಕೊಂಡು ಗಟಗಟ ಕುಡಿದುಬಿಟ್ಟೆ. ಬೆಚ್ಚಗಿತ್ತು, ಸಿಹಿಯಿತ್ತು.

ಅಡುಗೆಮನೆಯಿಂದ ಒಬ್ಬಳು ಓಡಿಬಂದಳು. ಮೊಣಕೈವರೆಗೆ ಒದ್ದೆ, ಕೂದಲಲ್ಲಿ ಎರಡು ಹೊಟ್ಟಿನ ಸಿಪ್ಪೆ.

"ಅದು ಕುಡಿಯಲಿಕ್ಕೆ ಇಟ್ಟದ್ದಲ್ಲ ಮಾರಾಯ್ರೆ. ಆರಲಿಕ್ಕೆ ಇಟ್ಟದ್ದು."

ಕ್ಷಮೆ ಕೇಳಬಹುದಿತ್ತು. ಆದರೆ ಅವಳ ಹಿಂದೆ ಬಾಗಿಲು ತೆರೆದಿತ್ತು. ಒಳಗೆ ಬಾರ್ಲಿ ಮೂಟೆ, ಒದ್ದೆ ಬಟ್ಟೆಯ ಗಂಟಿನಿಂದ ಇಣುಕುವ ಮೊಳಕೆ, ಕಪ್ಪಗೆ ಹುರಿದ ಬಾಣಲೆ. ನಾನು ಕಣ್ಣು ಮುಚ್ಚಿದೆ.

"ಬಾರ್ಲಿ. ಮೊಳಕೆ ಬರಿಸಿದ್ದು. ಒಂದು ಹಿಡಿ ಮಾತ್ರ ಜಾಸ್ತಿ ಹುರಿದಿದ್ದೀರಿ."

ಕಣ್ಣು ತೆರೆದಾಗ ಅವಳ ಎಡ ಹುಬ್ಬು ಮೇಲೆ ಹೋಗಿತ್ತು. ಬಲ ಹುಬ್ಬು ಇದ್ದಲ್ಲೇ ಇತ್ತು. ಒಂದು ಹುಬ್ಬು ಮಾತ್ರ ಹಾಗೆ ಏರಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಲ್ಲಿಗೆ ನನ್ನ ಕಥೆ ಮುಗಿಯಿತು.

"ನಾಲಿಗೆಯಲ್ಲೇ ಗೊತ್ತಾಯ್ತಾ?"

"ನಾಲಿಗೆ ಬರೀ ಬಾಗಿಲು. ಮೂಗೇ ಮನೆ."

ಹಾಗೆ ತಿಳಿಯಿತು ಅವಳ ಗುಟ್ಟು. ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮಾಡಿ ಹೋಟೆಲಿನ ಇಡ್ಲಿ ಹಿಟ್ಟನ್ನು ನೋಡಿಕೊಳ್ಳುತ್ತಿದ್ದವಳು, ತಾರಸಿಯ ಕೋಣೆಯಲ್ಲಿ ಏಲ್ ಹುದುಗಿಸುತ್ತಿದ್ದಳು. ಕಾನೂನಿನ ವಿಷಯ ಕೇಳಬೇಡಿ. ಪ್ರೀತಿಗೆ ಬಿದ್ದವನು ಕಾಯ್ದೆ ಪುಸ್ತಕ ಓದುವುದಿಲ್ಲ.

"ಬಿಯರಿನಲ್ಲಿ ಎರಡು ಜಾತಿ. ಲಾಗರ್ ಮಾಡಲಿಕ್ಕೆ ಚಳಿ ಬೇಕು," ಎಂದಳು. "ಮದ್ರಾಸಿನಲ್ಲಿ ಚಳಿ ಎಲ್ಲುಂಟು? ಏಲ್ ಪಾಪ, ಸ್ವಲ್ಪ ಸೆಕೆ ತಡೀತದೆ."

ಆ ಸ್ವಲ್ಪ ಸೆಕೆಯೂ ಮೀರಬಾರದೆಂದು ಹುದುಗುವ ಪಾತ್ರೆಯನ್ನು ನೀರಿನ ಟಬ್ಬಿನಲ್ಲಿ ಕೂರಿಸಿ, ಒದ್ದೆ ಗೋಣಿ ಹೊದಿಸಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟಿದ್ದಳು. ಜ್ವರದ ಮಗುವನ್ನೂ ಯಾರೂ ಹಾಗೆ ನೋಡಿಕೊಳ್ಳುವುದಿಲ್ಲ. ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ಅವಳ ಚಿಕ್ಕಪ್ಪನ ಮಗ ಶೀನ, ಯೀಸ್ಟಿನ ಪೊಟ್ಟಣವನ್ನೂ ಹಾಪ್ಸ್ ಎಂಬ ಒಣಗಿದ ಕಹಿ ಹೂವನ್ನೂ ತಂದುಕೊಡುತ್ತಿದ್ದ.

"ಇಷ್ಟೆಲ್ಲ ಮಾಡ್ತೀರಿ, ರುಚಿ ನೋಡಲ್ವಾ?"

ಅವಳು ಗೋಣಿಯ ಮಡಿಕೆ ಸರಿ ಮಾಡಿದಳು. "ಅಮ್ಮನ ಅಪ್ಪ ಊರಲ್ಲಿ ತಾಳೆಮರದಿಂದ ಕಳ್ಳು ಇಳಿಸ್ತಿದ್ದವರು. ಇಳಿಸಿದ್ದಕ್ಕಿಂತ ಕುಡಿದದ್ದೇ ಹೆಚ್ಚು. ಹಾಗಾಗಿ ಅಮ್ಮ ನನ್ನ ಕೈಯಿಂದ ಮಾತು ತಗೊಂಡಿದ್ದಾರೆ. ಮಾಡು, ಆದ್ರೆ ಒಂದು ತೊಟ್ಟೂ ಬಾಯಿಗೆ ತಾಗಿಸಬೇಡ ಅಂತ. ನಾನು ಮೂಸ್ತೇನೆ, ಅಷ್ಟೇ. ಉಳಿದ ಅರ್ಧಕ್ಕೆ ಒಂದು ನಂಬಿಕೆಯ ನಾಲಿಗೆ ಬೇಕು."

"ಅರ್ಜಿ ಹಾಕ್ಬಹುದಾ?"

"ಅನುಭವ ಉಂಟಾ?"

"ಸ್ಕಾಟ್ಲೆಂಡಿನಿಂದ ಎರಡು ಸಲ ಕರೆ ಬಂದಿತ್ತು. ನಮ್ಮಮ್ಮ ಕಳಿಸಲಿಲ್ಲ. ಅಲ್ಲಿ ಮೊಸರು ಸರಿ ಇರಲ್ಲವಂತೆ."

ಅವಳು ನಗಲಿಲ್ಲ. ನಗು ತಡೆಯಲು ಕೆಳತುಟಿಯನ್ನು ಕಚ್ಚಿದಳು. ಅದು ನಗುವಿಗಿಂತ ಅಪಾಯಕಾರಿ ಎಂದು ಯಾರೂ ನನಗೆ ಹೇಳಿರಲಿಲ್ಲ.

ಪ್ರತಿ ಭಾನುವಾರ ನಾಲ್ಕು ಗಂಟೆಗೆ ತಾರಸಿ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲು ತಾನು ಮೂಸಿ, ನನಗೆ ಕೊಡುವಳು. ನಾನು ಗುಟುಕು ಹೀರಿ, ದಿಗಂತ ನೋಡಿ, ತೀರ್ಪು ಕೊಡುವೆ. ಅವಳ ಏಲ್ ಮೂರು ಬಗೆ, ತಿಳಿ ಬಣ್ಣದ ಪೇಲ್, ಕಂದು ಬಣ್ಣದ ಬ್ರೌನ್, ಕಪ್ಪನೆಯ ಸ್ಟೌಟ್. ಪೇಲ್ ಏಲ್‌ಗೆ, "ಧನುರ್ಮಾಸದ ಬೆಳಗಿನ ನಿಂಬೆಹೂವು." ಸ್ಟೌಟಿಗೆ, "ಕಾಫಿ ಹುರಿಯುವ ಮನೆಯ ಸೊಸೆಯ ಸೆರಗು." ಬ್ರೌನ್ ಏಲ್ ಅವಳ ಮುದ್ದಿನ ಕೂಸು, ಅದಕ್ಕೆ ತಾಳೆಯ ಓಲೆಬೆಲ್ಲ ಹಾಕುತ್ತಿದ್ದಳು. ಅದು ಕೆಟ್ಟ ವಾರ ನಾನು ಬಾಯಿ ಬಿಡುವ ಮೊದಲೇ ಮುಖ ಸಿಂಡರಿಸಿದ್ದೆ. "ಹೌದು, ಹಾಳಾಗಿದೆ," ಎಂದು ಅವಳೇ ಚೆಲ್ಲಿದಳು. ಹದಿನಾಲ್ಕು ವಾರ ಒಮ್ಮೆಯೂ ನನ್ನ ತೀರ್ಪು ತಪ್ಪಲಿಲ್ಲ. ಇದು ಬಡಾಯಿಯಲ್ಲ, ಬೇಕಾದರೆ ಅವಳನ್ನೇ ಕೇಳಿ.

ಒಂದು ಶುಕ್ರವಾರ ಪಲ್ಲಾವರಂ ಸಂತೆಗೆ ಹಳೆಯ ಬಾಟ್ಲಿ ಆರಿಸಲು ಇಬ್ಬರೂ ಹೊರಟೆವು. ಎಲೆಕ್ಟ್ರಿಕ್ ಟ್ರೇನಿನಲ್ಲಿ ನಾನು ಸ್ಕಾಟ್ಲೆಂಡಿನ ಮೂರನೆಯ ಕರೆಯ ವಿಷಯ ಹೇಳುತ್ತಿದ್ದೆ, ಪಲ್ಲಾವರಂ ದಾಟಿಹೋಯಿತು. ಮುಂದಿನ ನಿಲ್ದಾಣ ಕ್ರೋಂಪೇಟೆಯಲ್ಲಿ ಇಳಿದೆವು. ಗಾಳಿ ತೊಗಲು ಹದಮಾಡುವ ಶೆಡ್ಡುಗಳ ಕಡೆಯಿಂದ ಬೀಸುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲ ಮೂಗಿಗೆ ಕರ್ಚೀಫು ಹಿಡಿದರು. ವೀಕ್ಷಾ ದುಪಟ್ಟಾದಲ್ಲಿ ಅರ್ಧ ಮುಖ ಮುಚ್ಚಿದಳು. ನಾನು ಎದೆ ತುಂಬ ಉಸಿರೆಳೆದು ಸ್ಕಾಟ್ಲೆಂಡ್ ಮುಂದುವರಿಸಿದೆ.

ದುಪಟ್ಟಾದ ಮೇಲಿನಿಂದ ಎರಡು ಕಣ್ಣು ನನ್ನನ್ನು ತುಂಬ ಹೊತ್ತು ನೋಡಿದವು. ಪ್ರೀತಿ ಎಂದುಕೊಂಡೆ.

ಮೇ ತಿಂಗಳಲ್ಲಿ ಪುಣೆಯಿಂದ ಪತ್ರ ಬಂತು. ಅಲ್ಲಿ ಹೊಸದಾಗಿ ಬಿಯರ್ ತಯಾರಿಸುವ ಒಂದು ಸಣ್ಣ ಬ್ರೂವರಿ ತೆರೆಯಲಿತ್ತು. ಸಹಾಯಕಿಯ ಕೆಲಸ, ಸಂದರ್ಶನಕ್ಕೆ ಸ್ವಂತ ಕೈಯಿಂದ ಮಾಡಿದ ಒಂದು ಏಲ್ ತರಬೇಕು. ಒಂದೇ ಒಂದು.

"ಸೋಮವಾರ ಮಧ್ಯಾಹ್ನದ ಟ್ರೇನು," ಎಂದಳು. "ಸಿಕ್ಕಿದ್ರೆ ಇನ್ನು ಇಡ್ಲಿ ಹಿಟ್ಟು ಇಲ್ಲ ನನಗೆ. ಸಿಗದಿದ್ರೆ ಇಲ್ಲೇ."

ಇಲ್ಲೇ ಎಂದರೆ ತಾರಸಿಯಲ್ಲಿ, ಭಾನುವಾರ ನಾಲ್ಕಕ್ಕೆ, ನನ್ನ ಎದುರಿಗೆ. ಆ ರಾತ್ರಿ ನಾನು ಒಂಬತ್ತು ಕೊಡ ನೀರು ಕುಡಿದೆ.

ಹದಿನೈದನೆಯ ಭಾನುವಾರ. ಹಿಂದಿನ ಎರಡು ದಿನ ಕರೆಂಟಿರಲಿಲ್ಲ. ಫ್ಯಾನ್ ನಿಂತಿತ್ತು, ವಡಪಳನಿಯ ಕಾಗೆಗಳು ಹಾರುತ್ತಲೇ ಬೇಯುತ್ತಿದ್ದವು. ಮೂರು ಏಲುಗಳಲ್ಲಿ ಯಾವುದಾದರೂ ಕೆಟ್ಟಿರಬಹುದು ಎಂಬ ಭಯ ಅವಳಿಗೆ. ಪೇಲ್, ಬ್ರೌನ್, ಸ್ಟೌಟ್. ಮೂರು ಲೋಟ ತಾರಸಿಯ ಮೋಟುಗೋಡೆಯ ಮೇಲೆ ಸಾಲಾಗಿದ್ದವು, ಪ್ರತಿಯೊಂದರ ಮೇಲೂ ತಟ್ಟೆ ಮುಚ್ಚಿತ್ತು.

"ಇವತ್ತು ನಾನು ಮೂಸಲಿಲ್ಲ. ಮುಖವೂ ತೋರಿಸುವುದಿಲ್ಲ," ಎಂದಳು. "ನನ್ನ ಮುಖ ನೋಡಿದ್ರೆ ನಿಮಗೆ ದಾಕ್ಷಿಣ್ಯ ಬರ್ತದೆ. ಸತ್ಯ ಹೇಳಬೇಕು."

ಹೇಳಿ, ನೀರಿನ ಟ್ಯಾಂಕಿನ ಕಡೆ ತಿರುಗಿ, ನನಗೆ ಬೆನ್ನು ಮಾಡಿ ಕೂತಳು. ಒಂದು ಜಡೆ, ಎರಡು ಭುಜ. ಅಷ್ಟೇ.

ಏಷ್ಯಾ ಖಂಡದ ಮೂಗು ಅನಾಥವಾಯಿತು.

ಪೇಲ್ ಕುಡಿದೆ. ಕಹಿ. ಬ್ರೌನ್ ಕುಡಿದೆ. ಸ್ವಲ್ಪ ಸಿಹಿ. ಸ್ಟೌಟ್ ಕುಡಿದೆ. ಕಹಿ. ಜಡೆ ಏನೂ ಹೇಳಲಿಲ್ಲ. ಮತ್ತೊಂದು ಸುತ್ತು ಕುಡಿದೆ. ಭುಜಗಳೂ ಏನೂ ಹೇಳಲಿಲ್ಲ.

"ಹೇಳಿ ಮಾರಾಯ್ರೆ."

"ಸ್ಟೌಟ್," ಎಂದಿತು ನನ್ನ ಬಾಯಿ. ಯಾಕೆ ಎಂದು ಅದಕ್ಕೇ ಗೊತ್ತಿಲ್ಲ. "ಅದ್ಭುತ. ದೇವಸ್ಥಾನದ ಬಾಗಿಲಲ್ಲಿ ಮಾರುವ ಮಲ್ಲಿಗೆ, ಅದರ ಮೇಲೆ ಎರಡು ಹನಿ ಪನ್ನೀರು. ಇದನ್ನೇ ತಗೊಂಡು ಹೋಗಿ. ಪುಣೆಯವರು ನಿಮಗೆ ಆನೆಯ ಮೇಲೆ ಮೆರವಣಿಗೆ..."

ಅಷ್ಟರಲ್ಲಿ ಒಣಗಿದ ಬಟ್ಟೆ ತೆಗೆಯಲು ಅವಳಮ್ಮ ವಿನೋದಾ ಮೆಟ್ಟಿಲು ಹತ್ತಿ ಬಂದರು. ಕೊನೆಯ ಮೆಟ್ಟಿಲಲ್ಲೇ ನಿಂತು ಸೆರಗಿನಿಂದ ಮೂಗು ಮುಚ್ಚಿದರು.

"ಎಂತ ನಾತ ಇದು ಮಾರಾಯ್ತಿ? ಕೂವಂ ನದಿಯ ಕೊಚ್ಚೆ ತಾರಸಿಗೇ ಹತ್ತಿ ಬಂದದ್ದಾ?"

ಅವರ ಬೆರಳು ನನ್ನ ಕೈಯಲ್ಲಿದ್ದ ಲೋಟದ ಕಡೆಗಿತ್ತು. ಸ್ಟೌಟ್.

ವೀಕ್ಷಾ ತಿರುಗಿದಳು. ಲೋಟ ಕಸಿದುಕೊಂಡು ಮೂಸಿ, ಕೈ ದೂರ ಚಾಚಿದಳು. "ಇದು ಚರಂಡಿ ಹಾಗೆ ನಾರ್ತದೆ. ಇದರಲ್ಲಿ ನಿಮಗೆ ಮಲ್ಲಿಗೆ ಎಲ್ಲಿ ಸಿಕ್ಕಿತು?" ಮತ್ತೆ ನಿಧಾನವಾಗಿ, "ಆವತ್ತು ಕ್ರೋಂಪೇಟೆಯಲ್ಲೂ ನೀವೊಬ್ಬರೇ ಮೂಗು ಮುಚ್ಚಲಿಲ್ಲ."

ನನ್ನ ಬಳಿ ಹದಿನೇಳು ಸುಳ್ಳು ಸಿದ್ಧವಿದ್ದವು. ಒಂದೂ ಹೊರಗೆ ಬರಲಿಲ್ಲ.

"ಒಂಬತ್ತನೇ ವಯಸ್ಸಲ್ಲಿ ದೊಡ್ಡ ಜ್ವರ ಬಂದಿತ್ತು," ಎಂದೆ. "ಜ್ವರ ಹೋಯ್ತು, ಜೊತೆಗೆ ವಾಸನೆಯೂ ಹೋಯ್ತು. ಮಲ್ಲಿಗೆ ಗೊತ್ತಿಲ್ಲ, ಚರಂಡಿ ಗೊತ್ತಿಲ್ಲ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ, ಅಷ್ಟೇ. ಸ್ಕಾಟ್ಲೆಂಡ್ ಎಲ್ಲಿದೆ ಅಂತಾನೂ ಸರಿಯಾಗಿ ಗೊತ್ತಿಲ್ಲ."

ಮೊದಲು ನಕ್ಕವರು ವಿನೋದಮ್ಮ. ಆಮೇಲೆ ಮಗಳ ಮುಖ ನೋಡಿ ನಗು ನಿಲ್ಲಿಸಿ, ತಾವೇ ಹೋಗಿ ಉಳಿದೆರಡು ಲೋಟಗಳ ತಟ್ಟೆ ಸರಿಸಿ ಮೂಸಿದರು. ಬ್ರೌನ್ ಏಲ್ ಹತ್ತಿರ ಎರಡು ಸಲ ಬಗ್ಗಿದರು. ಸೆರಗು ಮೂಗಿನಿಂದ ಕಣ್ಣಿಗೆ ಏರಿತು.

"ಅಪ್ಪನ ಕಳ್ಳಿನ ಮಡಕೆ ಬೆಳಿಗ್ಗೆ ಹೀಗೇ ಪರಿಮಳ ಬರ್ತಿತ್ತು. ಕುಡಿಯುವ ಮೊದಲು." ಲೋಟಕ್ಕೆ ತಟ್ಟೆ ಮುಚ್ಚಿದರು. "ಇದನ್ನು ತಗೊಂಡು ಹೋಗು."

ಬಟ್ಟೆ ತೆಗೆದುಕೊಂಡು ಅವರು ಕೆಳಗಿಳಿದರು. ಪುಣೆಗೆ ಯಾವುದು ಎಂಬುದು ತೀರ್ಮಾನವಾಯಿತು. ನನ್ನದು ಬಾಕಿ ಉಳಿಯಿತು.

"ಹಾಗಾದ್ರೆ ಹದಿನಾಲ್ಕು ವಾರ ಹೇಗೆ ಸರಿ ಹೇಳಿದ್ರಿ?" ವೀಕ್ಷಾಳ ದನಿಯಲ್ಲಿ ಸಿಟ್ಟಿತ್ತೋ ಬೇರೇನಿತ್ತೋ.

"ಲೋಟ ಕೊಡುವ ಮೊದಲು ನೀವು ಮೂಸ್ತೀರಲ್ಲ. ಚೆನ್ನಾಗಿದ್ರೆ ನಿಮ್ಮ ಎಡ ಹುಬ್ಬು ಮೇಲೆ ಹೋಗುತ್ತೆ. ಕೆಟ್ಟಿದ್ರೆ ಕೆಳಗಿಳಿದು ಮೂಗಿನ ಹತ್ತಿರ ಒಂದು ಗೆರೆ ಬರುತ್ತೆ. ನಾನು ಏಲ್ ರುಚಿ ನೋಡಿಯೇ ಇಲ್ಲ ವೀಕ್ಷಾ. ನಿಮ್ಮನ್ನೇ ನೋಡ್ತಿದ್ದೆ."

ಕೆಳಗೆ ಅಡುಗೆಮನೆಯಲ್ಲಿ ಗ್ರೈಂಡರ್ ತಿರುಗತೊಡಗಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಸತ್ಯಕ್ಕೆ ಅಭ್ಯಾಸವಿಲ್ಲದವನು ಒಮ್ಮೆ ಶುರುಮಾಡಿದರೆ ನಿಲ್ಲಿಸುವುದು ತಿಳಿಯುವುದಿಲ್ಲ.

"ಇನ್ನೂ ಒಂದಿದೆ. ಇವತ್ತು ಕೆಟ್ಟದ್ದನ್ನೇ ಚೆನ್ನಾಗಿದೆ ಅಂತ ಹೇಳಬೇಕು ಅಂದ್ಕೊಂಡು ಬಂದಿದ್ದೆ. ನೀವು ಹೋಗಬಾರದು ಅಂತ. ಆದ್ರೆ ಯಾವುದು ಕೆಟ್ಟದ್ದು ಅಂತಾನೇ ಗೊತ್ತಾಗಲಿಲ್ಲ. ಮೋಸ ಮಾಡೋಕೂ ಒಂದು ಮೂಗು ಬೇಕು."

ಅವಳು ಸ್ಟೌಟಿನ ಲೋಟವನ್ನು ಗೋಡೆಯ ಮೇಲಿಟ್ಟಳು. ಆಮೇಲೆ ಹತ್ತಿರ ಬಂದು ನಿಂತು, ಬಲಗೈಯನ್ನು ಹಣೆಗೆ ಅಡ್ಡ ಹಿಡಿದು ಎರಡೂ ಹುಬ್ಬು ಮುಚ್ಚಿಕೊಂಡಳು.

"ಈಗ ಹೇಳಿ. ನನಗೆ ಸಿಟ್ಟು ಬಂದಿದೆಯಾ ಇಲ್ವಾ?"

ಕಣ್ಣು ನೋಡಿದೆ. ತುಟಿ ನೋಡಿದೆ. ಕೂದಲಲ್ಲಿ ಸಿಕ್ಕಿಕೊಂಡಿದ್ದ ಬಾರ್ಲಿ ಸಿಪ್ಪೆ ನೋಡಿದೆ. ಎಲ್ಲವೂ ನನ್ನನ್ನು ನೋಡುತ್ತಿದ್ದವು.

"ಗೊತ್ತಿಲ್ಲ," ಎಂದೆ.

"ನಾಳೆ ಬಾಟ್ಲಿ ಹಿಡ್ಕೊಂಡು ಸೆಂಟ್ರಲ್ ಸ್ಟೇಷನ್ನಿಗೆ ಬನ್ನಿ," ಎಂದಳು. "ಅದಕ್ಕೆ ಮೂಗು ಬೇಕಾಗಿಲ್ಲ."

ಕೈ ತೆಗೆದಳು. ಅವಳ ಎಡ ಹುಬ್ಬು ವಡಪಳನಿಯ ಮುರುಗನ ಗುಡಿಯ ಗೋಪುರದ ಕಳಶಕ್ಕೆ ಹೋಗಿ ತಾಗಿತು ಎಂದು ಬರೆಯಲು ಕೈ ತುರಿಸುತ್ತದೆ. ಬರೆದರೆ ಸುಳ್ಳಾಗುತ್ತದೆ. ಒಂದು ಎಳ್ಳುಕಾಳಿನಷ್ಟು ಏರಿತು, ಅಷ್ಟೇ.