ನಾಸಿರ್ ಬರೆದ ಫೈಲು

೨೦೦೫ರಲ್ಲಿ ನಾನು ಚಿತ್ರದುರ್ಗದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಕಾಯುವ ಪ್ರೋಗ್ರಾಂ ನಮ್ಮದು. ಬೇರೆಯವರು ಇಂಟರ್‌ನೆಟ್ಟಿನಲ್ಲಿ ತೆರೆದಿಟ್ಟ ಕೋಡ್ ಅದರಲ್ಲಿ ಎಷ್ಟಿದೆ, ಬಳಸಲು ಲೈಸೆನ್ಸ್ ಇದೆಯೇ, ದೋಷವೇನಾದರೂ ಇದೆಯೇ ಎಂದು ನೋಡುವುದು ನನ್ನ ಕೆಲಸ.

ಒಂದು ಫೈಲಿಗೆ ಲೈಸೆನ್ಸೇ ಇರಲಿಲ್ಲ. ಮೇಲಾಗಿ, ಹೊರಗಿನವರು ಯಾರಾದರೂ ನುಗ್ಗಿ ಯಂತ್ರ ನಿಲ್ಲಿಸಿಬಿಡಬಹುದಾದಂಥ ದೋಷ ಅದರಲ್ಲಿತ್ತು. ಬರೆದವರು ಹೊಳಲ್ಕೆರೆಯ ನಾಸಿರ್ ಎಂದು ವಿಳಾಸದ ಸಮೇತ ಫೈಲಿನಲ್ಲೇ ಇತ್ತು. ಮೂರು ಮೇಲ್ ಕಳಿಸಿದರೂ ಉತ್ತರ ಬರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಅವರ ಮನೆಗೇ ಹೋದೆ.

ಬಾಗಿಲು ತೆರೆದವರು ನಾಸಿರರ ತಂಗಿ ಸಾಜಿದಾ. "ಬರ್ರಿ ಅಕ್ಕ, ಕುಂತ್ಕಳ್ರಿ. ನಮ್ಮಣ್ಣ ತೀರ್ಕಂಡು ಎರಡು ವರ್ಷ ಆತು," ಎಂದರು.

ಅಣ್ಣನ ಕೋಣೆ ತೋರಿಸಿದರು. ಕಂಪ್ಯೂಟರಿನ ವೈರನ್ನೆಲ್ಲ ಕಿತ್ತು, ಸುತ್ತಿ, ದಾರ ಕಟ್ಟಿ ಅದರ ಮೇಲೆಯೇ ಇಟ್ಟಿದ್ದರು. ಕೋಣೆ ತಣ್ಣಗಿತ್ತು. ಯಾಕೋ ಸಿಪಿಯು ಮೇಲೆ ಕೈಯಿಟ್ಟೆ. ಬಿಸಿಯಾಗಿತ್ತು.

"ನಿಮಗೂ ಬಿಸಿ ಅನಿಸ್ತೈತಾ?" ಸಾಜಿದಾ ಮೆಲ್ಲಗೆ ಕೇಳಿದರು.

"ಹೂಂ," ಎಂದೆ.

ಸೋಮವಾರ ಆಫೀಸಿನಲ್ಲಿ ನೋಡಿದರೆ, ಇಂಟರ್‌ನೆಟ್ಟಿನಲ್ಲಿದ್ದ ನಾಸಿರರ ಫೈಲು ಬದಲಾಗಿತ್ತು. ದೋಷ ಸರಿಹೋಗಿತ್ತು. ಯಾರು ಬೇಕಾದರೂ ಬಳಸಬಹುದೆಂಬ ಒಂದು ಸಾಲೂ ಸೇರಿತ್ತು. ಬದಲಾದದ್ದು ಭಾನುವಾರ, ನಾನು ಆ ಕೋಣೆಯಲ್ಲಿದ್ದ ಹೊತ್ತಿನಲ್ಲಿ.

ಸಾಜಿದಾಗೆ ಫೋನ್ ಮಾಡಿದೆ. "ಅದನ್ನ ಬದಲಾಯ್ಸೋ ಪಾಸ್‌ವರ್ಡ್ ಅಣ್ಣಂಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ," ಎಂದರು.

ನನಗೆ ಭಯವೂ ಆಗಲಿಲ್ಲ, ಏನೂ ಆಗಲಿಲ್ಲ. ಬೇರೆಯವರ ಕೋಡ್ ದಾಖಲಿಸುವ ಕಂಪನಿಯ ಪಟ್ಟಿಯಲ್ಲಿ ಹೀಗೆ ಬರೆದೆ: "ಬರೆದವರು ತೀರಿಕೊಂಡಿದ್ದಾರೆ. ಅನುಮತಿ ಕೊಟ್ಟಿದ್ದಾರೆ."

ಮ್ಯಾನೇಜರ್ ಓಬಳೇಶ್ ಎರಡೂ ವಾಕ್ಯಗಳನ್ನು ಓದಿ, ಏನೂ ಕೇಳದೆ ಸಹಿ ಹಾಕಿದರು.