ಅವರ ಎಡಗಣ್ಣು

ಅಕ್ಷೋಭ್ಯ ಹೊಸಪೇಟೆಯ ನಮ್ಮ ಮನೆಗೆ ಮೊದಲ ಸಲ ಬಂದಾಗ ಕಪ್ಪು ಕನ್ನಡಕ ತೆಗೆಯಲೇ ಇಲ್ಲ. ನನ್ನನ್ನು ಮದುವೆಯಾಗುವ ಮಾತನ್ನು ನನ್ನ ಅತ್ತೆಯ ಎದುರು ಆಡಲು ಬಂದವರು. ಅತ್ತೆ ಕೃಷ್ಣಾಬಾಯಿ ಅಡುಗೆಮನೆಗೆ ಬಂದು, "ಮನಿಯೊಳಗ ಯಾರರ ಕೂಲಿಂಗ್ ಗ್ಲಾಸ್ ಹಾಕ್ಕೋತಾರೇನ? ಗಣಿ ರೊಕ್ಕದ ಸೊಕ್ಕು," ಎಂದು ಪಿಸುಗುಟ್ಟಿದರು.

ಸೊಕ್ಕಿನವರಲ್ಲ ಅವರು. ಯಶವಂತನಗರದ ಗಣಿಯೊಂದರಲ್ಲಿ ಸರ್ವೇಯರ್. ಕಾರ್ಮಿಕರನ್ನು ತಪಾಸಣೆಗೆಂದು ನಾನು ಕೆಲಸ ಮಾಡುವ ಕಣ್ಣಿನ ಆಸ್ಪತ್ರೆಗೆ ಕರೆತರುತ್ತಿದ್ದರು. ಲ್ಯಾಬಿನ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದು, ನಾನು ಮೈಕ್ರೋಸ್ಕೋಪಿನಿಂದ ತಲೆ ಎತ್ತಿದ ಕೂಡಲೇ ಗೋಡೆಯ ಕ್ಯಾಲೆಂಡರ್ ಓದತೊಡಗುತ್ತಿದ್ದರು. ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗೆ ಸಿಕ್ಕಿ ನನ್ನ ಗಂಡ, ಈ ಅತ್ತೆಯ ಮಗ, ತೀರಿಕೊಂಡ ಮೇಲೆ ನನಗೆ ಅಳುವೂ ಬಂದಿರಲಿಲ್ಲ, ನಗುವೂ. ಆ ಕ್ಯಾಲೆಂಡರ್ ಓದುವುದನ್ನು ಕಂಡು ಒಮ್ಮೆ ನಕ್ಕಿದ್ದೆ.

ಕಾಫಿ ಕೊಡುತ್ತ, "ಒಮ್ಮೆ ಕನ್ನಡಕ ತೆಗೀರಿ," ಎಂದೆ.

"ಬ್ಯಾಡ್ರಿ, ಧೂಳು ಬಿದ್ದದ."

"ತೆಗೀರಿ ಅಂದೆ."

ತೆಗೆದರು. ಎಡಗಣ್ಣಿನ ಕರಿಗುಡ್ಡೆಯ ಮೇಲೆ ಬೂದುಬಿಳಿ ಕಲೆ. ಅದರ ಅಂಚು ಪುಕ್ಕದಂತೆ ಹರಡಿತ್ತು. ಲೋಟ ಕೆಳಗಿಟ್ಟು, "ನಾಳೆ ಆಸ್ಪತ್ರಿಗೆ ಬರ್ರಿ," ಎಂದೆ.

ಮರುದಿನ ಡಾಕ್ಟರು ಆ ಕಲೆಯಿಂದ ಕೆರೆದು ಕೊಟ್ಟ ಸ್ಲೈಡಿನಲ್ಲಿ ಕವಲೊಡೆದ ಎಳೆಗಳು ಕಂಡವು. ಶಿಲೀಂಧ್ರ.

"ಕಣ್ಣಿಗೆ ಏನು ಬಡೀತು?" ಎಂದು ಅವರನ್ನು ಕೇಳಿದೆ.

"ಸರ್ವೇ ಮಾಡುವಾಗ ಜಾಲಿ ಟೊಂಗಿ."

"ಏನು ಹಾಕ್ಕೊಂಡ್ರಿ?"

ತಲೆ ತಗ್ಗಿಸಿದರು. "ಕೆಂಪು ಜಲ್ದಿ ಇಳಿಯೋ ಡ್ರಾಪ್ಸ್ ಕೊಡು ಅಂತ ಮೆಡಿಕಲ್ ಶಾಪಿನ್ಯಾಗ ಕೇಳಿದೆ. ಕೆಂಪುಗಣ್ಣು ಇಟ್ಕೊಂಡು ಬಂದ್ರ ನಿಮ್ಮ ಅತ್ತಿಯವ್ರು ಕುಡುಕ ಅಂತಾರಂತ..."

ಜೊತೆಗೆ ಬಂದಿದ್ದ ಅತ್ತೆ, "ಅಂತಿದ್ದೆ, ಖರೇನ," ಎಂದವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆ ಡ್ರಾಪ್ಸ್ ಸ್ಟೀರಾಯ್ಡ್. ಕೆಂಪನ್ನು ಇಳಿಸುತ್ತದೆ, ಸೋಂಕನ್ನು ತಡೆಯುವ ಮೈಯ ಕಾವಲನ್ನೂ ಇಳಿಸುತ್ತದೆ.

ಗಂಟೆಗೊಮ್ಮೆ ಔಷಧದ ಹನಿ ಶುರುವಾಯಿತು. ನಾನು ಓದಿದ್ದೇ ನನ್ನನ್ನು ಹೆದರಿಸಿತು. ಶಿಲೀಂಧ್ರದ ಪ್ರತಿ ಕೋಶಕ್ಕೂ ಒಂದು ಗೋಡೆಯಿರುತ್ತದೆ. ಬಿಸಿಯೋ ಔಷಧವೋ ತಾಕಿದರೆ ಹೊರಮೈ ಅದನ್ನು ಗ್ರಹಿಸಿ ಒಳಗೆ ಸುದ್ದಿ ಮುಟ್ಟಿಸುತ್ತದೆ. ಗೋಡೆ ಸಡಿಲಾದ ಕಡೆ ಮತ್ತಷ್ಟು ದಪ್ಪಗೆ ಕಟ್ಟಿಕೊಳ್ಳುತ್ತದೆ. ಎಂ.ಎಸ್ಸಿ. ಓದುವಾಗ ಈ ಜಾಣತನಕ್ಕೆ ಮರುಳಾಗಿದ್ದೆ. ಈಗ ಅದು ಅವರ ಕಣ್ಣಿನಲ್ಲಿ ಕುಳಿತಿತ್ತು.

ದಿನಗಳು ಕಳೆದರೂ ಕಲೆ ಕಿರಿದಾಗಲಿಲ್ಲ. ಡಾಕ್ಟರು ಮತ್ತೆ ಕೆರೆದರು. ಎಳೆಗಳು ಇಲ್ಲದಿದ್ದರೆ ಕಣ್ಣು ಉಳಿದೀತು, ಇದ್ದರೆ ಆಪರೇಷನ್ನಿಗೆ ಹೈದರಾಬಾದಿಗೆ ಹೋಗಬೇಕು ಎಂದರು.

ಮೈಕ್ರೋಸ್ಕೋಪಿನ ಲೆನ್ಸಿಗೆ ಕಣ್ಣಿಡಲು ನನ್ನಿಂದಾಗಲಿಲ್ಲ.

"ನೋಡ್ರಿ. ನಾನು ಇಲ್ಲೇ ಇದ್ದೀನಿ," ಎಂದರು ಅಕ್ಷೋಭ್ಯ.

ನೋಡಿದೆ. ಎಳೆಗಳಿದ್ದವು.

ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. "ಶುಭಾ ಅವರ, ಮದುವಿ ಮಾತು ಮರೆತುಬಿಡ್ರಿ. ಒಮ್ಮೆ ಅಷ್ಟು ನೊಂದೀರಿ. ಮತ್ತ ಯಾಕ?"

"ನಂಗ ಭಾಳ ಹೆದರಿಕಿ ಆಗ್ಲಿಕ್ಕತ್ತದ. ನಿಮ್ಮ ಕಣ್ಣು ಹೋಗ್ತದಂತ. ನೀವೂ ಹೋಗ್ತೀರಂತ."

"ಅದಕ್ಕ ಬ್ಯಾಡ ಅಂದೆ."

"ಬ್ಯಾಡಾದೋರ ಸಲುವಾಗಿ ಯಾರರ ಇಷ್ಟು ಹೆದರ್ತಾರೇನ್ರಿ?"

ಅವರ ಬಲಗಣ್ಣು ತುಂಬಿತು. ಎಡಗಣ್ಣು ಮೊದಲೇ ಸೋರುತ್ತಿತ್ತು.

"ಹೈದರಾಬಾದಿಗೆ ಎರಡು ಟಿಕೆಟ್ ತಗೊಳ್ರಿ," ಎಂದೆ.

ವರಾಂಡದಲ್ಲಿ ಬುತ್ತಿ ಹಿಡಿದು ಕೂತಿದ್ದ ಅತ್ತೆಯ ದನಿ ಬಂತು. "ಮೂರು ತಗೋಪ್ಪಾ. ಮದುವಿಗಿಂತ ಮೊದಲ ಇಬ್ಬರನ್ನ ಕಳಿಸ್ಲಿಕ್ಕಾಗ್ತದೇನು?"

ನಗಲು ಹೋದೆ, ಅಳು ಬಂತು. ಅವರು ನನ್ನ ಕೈ ಹಿಡಿದುಕೊಂಡರು. ಅವರ ಬೆರಳುಗಳೂ ಹೆದರಿ ತಣ್ಣಗಾಗಿದ್ದವು.